ಆರು ಮೂಲೆಯ ಕೌದಿ

18 ಆಗಸ್ಟ್ 1981, ಮಂಗಳವಾರ

ಇವತ್ತೂ ಹೊಲಿಗೆ ಕ್ಲಾಸಿಗೆ ಒಂದೇ ಮೆಷಿನ್ನು. ಇನ್ನೊಂದರ ಬೆಲ್ಟ್ ಹರಿದು ಹಾಗೇ ಬಿದ್ದಿದೆ. ಮಹಿಳಾ ಮಂಡಳಿ ಅಧ್ಯಕ್ಷೆಗೆ ಹೇಳಿದರೆ "ನೋಡಾನ ಬುಡಿ ಟೀಚರಮ್ಮ" — ಅಷ್ಟೇ. ಕೈಹೊಲಿಗೆಯೇ ಗತಿ.

ಸಿರಾದಿಂದ ಭಾಯಿಜಾನ್ ಬಸ್ಸಿಗೆ ಹಾಕಿ ಕಳಿಸಿದ ಚಿಂದಿಮೂಟೆ ಬಿಚ್ಚಿದೆ. ಅವರ ಟೈಲರಿಂಗ್ ಅಂಗಡಿಯಲ್ಲಿ ಕತ್ತರಿಸಿ ಉಳಿದದ್ದು. ಪಾಪ್ಲಿನ್, ಟೆರಿಕಾಟ್, ಯಾರದೋ ಮದುವೆ ರವಿಕೆಯ ಸ್ಯಾಟಿನ್... ಅಂಗೈಗಿಂತ ದೊಡ್ಡ ತುಂಡು ಅಪರೂಪ. ಇದರಲ್ಲಿ ಏನು ಕಲಿಸುವುದು? ತುಮಕೂರಿನ ಟ್ರೈನಿಂಗಿನಲ್ಲಿ ಕಲಿತಿದ್ದ ಪೇಪರ್ ಹೊಲಿಗೆ ಹೊಳೆಯಿತು. ಅದನ್ನೇ ಶುರು ಮಾಡಿದೆ.

ದಪ್ಪ ಕಾಗದದಲ್ಲಿ ಆರು ಮೂಲೆಯ ಬಿಲ್ಲೆ ಕತ್ತರಿಸುವುದು. ಅದರ ಮೇಲೆ ಬಟ್ಟೆ ಇಟ್ಟು, ಅಂಚನ್ನು ಹಿಂದಕ್ಕೆ ಮಡಚಿ, ಕಚ್ಚಾ ಹೊಲಿಗೆ. ಹೀಗೆ ಮಾಡಿದ ಎರಡು ಬಿಲ್ಲೆಗಳನ್ನು ಮುಖಕ್ಕೆ ಮುಖ ಇಟ್ಟು ಅಂಚು ಕೂಡಿಸುವುದು. ಸೂಜಿ ಬಟ್ಟೆಯ ಎಳೆಯನ್ನಷ್ಟೇ ಹಿಡಿಯಬೇಕು, ಕಾಗದ ಚುಚ್ಚಬಾರದು. ಒಂದು ಬಿಲ್ಲೆಗೆ ಸುತ್ತಲೂ ಜೋಡಿ ಸಿಕ್ಕ ಮೇಲೆ ಕಚ್ಚಾ ದಾರ ಎಳೆದು ಕಾಗದ ತೆಗೆದುಬಿಡುವುದು. ಬಟ್ಟೆ ತನ್ನ ಆಕಾರದಲ್ಲೇ ನಿಲ್ಲುತ್ತದೆ.

ಹೆಂಗಸರು ನಕ್ಕರು. "ಕಾಗ್ದಕ್ಕೆ ರವಿಕೆ ತೊಡ್ಸಿ ಆಮ್ಯಾಕೆ ಬಿಚ್ಚಾದಾ?" ಅಂದಳು ಊರಾಚೆಯ ಕುರಿಗಾಹಿಗಳ ಹಟ್ಟಿಯ ಕ್ಯಾತಮ್ಮ. ತನ್ನ ಮಾತಿಗೆ ತಾನೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಬಸುರಿ. ಇನ್ನೂ ಇಪ್ಪತ್ತು ತುಂಬಿರಲಾರದು.

21 ಆಗಸ್ಟ್, ಶುಕ್ರವಾರ

ಕಾಗದದ್ದೇ ತಾಪತ್ರಯ. ಸ್ಕೂಲಿನ ಗಂಗಾಧರಯ್ಯ ಮೇಷ್ಟ್ರು ಕೊಟ್ಟ ಹಳೇ ಉತ್ತರಪತ್ರಿಕೆ ತೀರ ತೆಳು, ಬಟ್ಟೆ ಎಳೆದರೆ ಬಾಗುತ್ತದೆ. ಕ್ಯಾಲೆಂಡರ್ ಚೆನ್ನ. ಆದರೆ ಎಲ್ಲ ಕ್ಯಾಲೆಂಡರಿನಲ್ಲೂ ದೇವರು. ಕತ್ತರಿ ಇಡಹೋದೆ, ಕ್ಯಾತಮ್ಮ ಕೈ ಹಿಡಿದುಕೊಂಡಳು.

"ಲಕ್ಸ್ಮವ್ವನ ಮಕ ಕತ್ತರಿಸ್ಬ್ಯಾಡಿ ಜಾಯ್ದಮ್ಮ."

ಜಹೀದಾ ಅವಳ ಬಾಯಲ್ಲಿ ಜಾಯ್ದಮ್ಮ ಆಗಿದೆ. ಸರಿ ಅಂದೆ. ನಮ್ಮ ಮನೆಯಲ್ಲೂ ಉರ್ದು ಪೇಪರಿನಲ್ಲಿ ಅಲ್ಲಾಹುವಿನ ಹೆಸರಿದ್ದರೆ ಅಮ್ಮಿ ಅದರಲ್ಲಿ ಬೆಲ್ಲ ಕಟ್ಟಲು ಬಿಡುತ್ತಿರಲಿಲ್ಲ. ಕೊನೆಗೆ ಚಿತ್ರ ಗೋಡೆಗೆ ಅಂಟಿಸಿ, ತಾರೀಖಿನ ಹಾಳೆ, ಮದುವೆ ಕಾರ್ಡು ಇಷ್ಟನ್ನೇ ಇಟ್ಟುಕೊಂಡೆವು.

ಕ್ಯಾತಮ್ಮನಿಗೆ ಮೂಲೆ ಕೂರುವುದಿಲ್ಲ. ಬಿಚ್ಚಿಸಿದೆ. ಮತ್ತೆ ಹಾಗೇ ಮಾಡಿದಳು. "ಐದು ಮೂಲೆ ಆದ್ರೇನು, ಮಗೀಗೆ ಲೆಕ್ಕ ಬತ್ತದಾ?" ಹುಟ್ಟುವ ಮಗುವಿಗೆ ಕೌದಿ ಮಾಡುತ್ತಾಳಂತೆ. "ದಪ್ಪ ಆಗ್ಬೇಕು. ತ್ಯಾವ ಒಳಕ್ಕೆ ಇಳೀಬಾರ್ದು, ಅಂಗೆ." ಆ ಮಾತು ಹೇಳುವಾಗ ನಗಲಿಲ್ಲ.

3 ಸೆಪ್ಟೆಂಬರ್, ಗುರುವಾರ

ಎಲ್ಲರೂ ಕಡ್ಲೆಕಾಯಿ ಹೊಲಕ್ಕೆ ಕಳೆ ಕೀಳಲು ಹೋಗಿದ್ದಾರೆ. ಕ್ಯಾತಮ್ಮ ಒಬ್ಬಳೇ ಬಂದಳು. ಸೂಜಿಯ ಮೇಲಿಟ್ಟ ಕಣ್ಣು ಎತ್ತದೆ ಹೇಳಿದಳು, ತಾನಾಗಿಯೇ.

ಹೋದ ವರ್ಷ ಗಂಡುಮಗು ಹೆತ್ತಳು. ಅವರ ಹಟ್ಟಿಯೊಳಗೆ ಹೆರಿಗೆಯಾಗಬಾರದು, ದೇವರು ಒಳಗಿದ್ದಾನೆ. ನೋವು ಬಂದರೆ ಮುಳ್ಳುಬೇಲಿ ದಾಟಿ ಹುಲ್ಲಿನ ಗುಡ್ಲಿಗೆ ಹೋಗಬೇಕು. ತಿಂಗಳುಗಟ್ಟಲೆ ತಾಯಿ, ಮಗು ಇಬ್ಬರೇ. ಊಟವನ್ನು ದೂರದ ಒಂದು ಕಲ್ಲಿನ ಮೇಲಿಟ್ಟು ಹೋಗುತ್ತಾರೆ. ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಅವರೂ ಹೊರಗೆ.

"ಮಳೆ ಹಿಡ್ಕಂತು. ನೀರು ಗುಡ್ಲೊಳಕ್ಕೇ ಬಂತು. ಮಗೀನ ಎದೆ ಮ್ಯಾಲೆ ಹಾಕ್ಕಂಡು ಕುಂತೇ ಇದ್ದೆ. ಬೆಳಕಾದ್ಮ್ಯಾಕೆ ನೋಡಿದ್ರೆ ತಣ್ಣಗಾಗ್ಬುಟ್ಟಿತ್ತು."

ಆಮೇಲೆ, "ದಾರ ಸಾಲ್ದು. ಇನ್ನೊಸಿ ಕೊಡಿ."

ಕೊಟ್ಟೆ. ಮಕ್ಕಳಾಗಲಿಲ್ಲವೆಂದು ತಲಾಖ್ ಹೇಳಿಸಿಕೊಂಡು ಬಂದವಳು ನಾನು. ಅವಳ ಪಕ್ಕ ಕೂತು ನಾನೂ ಒಂದು ಬಿಲ್ಲೆ ಹೊಲಿದೆ.

16 ಸೆಪ್ಟೆಂಬರ್, ಬುಧವಾರ

ಹಟ್ಟಿಗೆ ಹೋಗಿದ್ದೆ. ಚಪ್ಪಲಿ ಬೇಲಿಯ ಹೊರಗೆ ಬಿಟ್ಟೆ. ಆದರೂ ಒಳಗೆ ಕರೆಯಲಿಲ್ಲ.

ಕ್ಯಾತಮ್ಮನ ಅತ್ತೆ ಹೊನ್ನಕ್ಕ ಕುರಿರೊಪ್ಪದ ಬಾಗಿಲಲ್ಲೇ ನಿಂತು ಮಾತಾಡಿದಳು. ಎತ್ತರದ ಹೆಂಗಸು. ಮುಖ ಒಣಗಿದ ಹುಣಸೆಯ ಹಾಗೆ. ನಾನು ಸುತ್ತು ಬಳಸದೆ ಹೇಳಿದೆ — ಹೆರಿಗೆಗೆ ಸಿರಾ ಆಸ್ಪತ್ರೆಗೆ ಕಳಿಸಿ, ಆಮೇಲೆ ಬೇಕಾದರೆ ನಮ್ಮ ಅಣ್ಣನ ಮನೆಯಲ್ಲಿ ಇರಲಿ, ನಿಮ್ಮ ದೇವರಿಗೂ ಮೈಲಿಗೆಯಿಲ್ಲ.

"ಸಾಬರ ಮನೇಲಿ ಬಾಣಂತನವಾ?"

"ಬೇರೆ ಪಾತ್ರೆ ಕೊಡಿಸ್ತೀನಿ. ಅವಳೇ ಬೇಯಿಸ್ಕೊಳ್ಳಲಿ."

"ನಮ್ಮತ್ತೆ ಅದೇ ಗುಡ್ಲಲ್ಲಿ ಹೆತ್ಲು. ನಾನೂ ಅಲ್ಲೇ ಹೆತ್ತೆ. ನೀನ್ಯಾವ್ಳಮ್ಮ ಹೊಸದಾಗಿ ಹೇಳಾಕೆ? ಸೂಜಿ ದಾರ ಹೇಳ್ಕೊಡಾಕೆ ಬಂದಿದ್ದೀಯ, ಅದ ಮಾಡು."

ಬೇಲಿಯ ಆಚೆ ಗುಡ್ಲು ಕಂಡಿತು. ಬಗ್ಗಿ ತೂರಬೇಕು, ಅಷ್ಟು ಚಿಕ್ಕದು. ಒಂದು ಕಡೆಯ ಹುಲ್ಲನ್ನು ಮೇಕೆ ಕಿತ್ತು ತಿಂದಿದೆ.

10 ಅಕ್ಟೋಬರ್, ಶನಿವಾರ. ಸಿರಾ

ನಿನ್ನೆ ಬಕ್ರೀದ್. ಇವತ್ತು ಊಟವಾದ ಮೇಲೆ ಭಾಯಿಜಾನ್‌ಗೆ ವಿಷಯ ತೆಗೆದೆ. ಕತ್ತರಿ ಸಾಣೆ ಹಿಡಿಯುತ್ತ ಕೇಳಿಸಿಕೊಂಡರು.

"ಬೇರೆಯವರ ಮನೆ ಮಾತು ಜಹೀದಾ. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಟೈಲರ್ ಖಲೀಲುಲ್ಲಾ ಮನೆಯಲ್ಲಿ ಆಯಿತು ಅಂತಾರೆ."

"ಗುಡ್ಲಲ್ಲಿ ಆದರೆ ಯಾರೂ ಏನೂ ಅನ್ನಲ್ಲ, ಅಲ್ವಾ?"

ಅವರು ಕತ್ತರಿ ಕೆಳಗಿಟ್ಟರು. ಒಳಗಿಂದ ಗುಲ್ಷನ್ ಭಾಭಿ ಕೈ ಒರೆಸಿಕೊಂಡು ಬಂದು, "ಹಿತ್ತಲ ಕೋಣೆ ಇದೆಯಲ್ಲ, ಕರೆಸಿ. ನಾನು ನೋಡ್ಕೋತೀನಿ" ಅಂದರು. ಭಾಯಿಜಾನ್ ಮತ್ತೆ ಕತ್ತರಿಗೆ ತಿರುಗಿದರು. ಬೇಡ ಅನ್ನಲಿಲ್ಲ. ಅಷ್ಟು ಸಾಕು.

ರಾತ್ರಿ ಭಾಭಿ ಹಳೇ ರಜಾಯಿಯ ಹತ್ತಿ ಬಿಚ್ಚಿ ಕಟ್ಟಿಕೊಟ್ಟರು, ಕೌದಿಯ ಒಳಕ್ಕೆ ಹಾಕಲು.

21 ಅಕ್ಟೋಬರ್, ಬುಧವಾರ

ಕ್ಲಾಸ್ ಮುಗಿಸಿ ಬೀಗ ಹಾಕುವಾಗ ಒಬ್ಬ ಹುಣಸೆಮರದ ಕೆಳಗೆ ನಿಂತಿದ್ದ. ಹೆಗಲ ಮೇಲೆ ಕಂಬಳಿ. ಕ್ಯಾತಮ್ಮನ ಗಂಡ ಮಾರಣ್ಣ. ಕುರಿ ಹೊಡೆದುಕೊಂಡು ವೈ.ಎನ್.ಹೊಸಕೋಟೆ ಕಡೆ ಹೋಗುತ್ತಾನಂತೆ. ಅಲ್ಲಿ ಕಡ್ಲೆಕಾಯಿ ಕಿತ್ತ ಹೊಲಗಳಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸುತ್ತಾರೆ. ಬರುವುದು ಯಾವಾಗಲೋ.

"ಸಿರಾಕ್ಕೇ ಕರ್ಕಂಡೋಗಿ ಮೇಡಮ್ಮೋರೇ. ನಮ್ಮವ್ವುಂಗೆ ನಾನೇಳ್ದೆ ಅಂತ ಹೇಳ್ಬ್ಯಾಡಿ."

"ನೀವೇ ಇದ್ದು ಹೇಳಬಹುದಲ್ಲ?"

"ಹೋದ ಸಲ ಮಗೀನ ಮುಚ್ಚಾಕೆ ಗುಂಡಿ ತೆಗೆದೋನು ನಾನೇ. ಅದುನ್ನ ನೋಡಿದ್ದು ದೂರದಿಂದ." ಅಷ್ಟೇ ಹೇಳಿ ಹೊರಟುಹೋದ.

3 ನವೆಂಬರ್, ಮಂಗಳವಾರ

ನರ್ಸ್ ಗೌರಕ್ಕ ಬಂದು ನೋಡಿದರು. ಸುತ್ತಿನ ಹಳ್ಳಿಗಳಿಗೆಲ್ಲ ಅವರೊಬ್ಬರೇ, ನಡೆದೇ ಓಡಾಡುತ್ತಾರೆ. ಹೆರಿಗೆ ತಿಂಗಳ ಕೊನೆಗೆ ಅಂದರು. ಹದಿನಾರಕ್ಕೆ ಬಸ್ಸಿನಲ್ಲಿ ಸಿರಾಕ್ಕೆ ಹೋಗುವುದೆಂದು ನಾವು ಮೂವರೂ ಮಾತಾಡಿಕೊಂಡೆವು.

ಸಂಜೆಯೊಳಗೆ ಹಟ್ಟಿಗೆ ಸುದ್ದಿ ಮುಟ್ಟಿತ್ತು. ಪೂಜಾರಿ ಕದಿರಯ್ಯ ಕ್ಲಾಸಿನ ಬಾಗಿಲಿಗೇ ಬಂದರು. ಜಗಳವಾಡಲಿಲ್ಲ. ಅದೇ ಕಷ್ಟವಾಯಿತು.

"ನಂಗೇನು ಹೆಣ್ಮಕ್ಕಳ ಮ್ಯಾಲೆ ಸಿಟ್ಟಿಲ್ಲಮ್ಮ. ನಮ್ಮಜ್ಜನ ಕಾಲ್ದಾಗೆ ಒಬ್ಳು ಒಳ್ಗೇ ಹೆತ್ತು, ಹಟ್ಟಿ ಕುರಿಯೆಲ್ಲಾ ಸತ್ತೋದ್ವಂತೆ. ಇಷ್ಟು ಮನೇವ್ರ ಅನ್ನ ಅದು. ನಾ ಹೆಂಗೆ ಹೂಂ ಅನ್ಲಿ?"

"ಒಳಗೆ ಹೆರೋದು ಬೇಡ. ಸಿರಾದಲ್ಲಿ ಹೆರಲಿ ಅಂತಿದ್ದೀನಿ."

"ಅಲ್ಲಿ ಹೆತ್ರೂ ಬಂದ್ಮ್ಯಾಲೆ ಹೊರಗೇ."

"ಮಳೆ ನಿಂತ ಮೇಲೆ ಬರ್ತಾಳೆ."

"ಹೊನ್ನಕ್ಕ ಒಪ್ಪಿದ್ರೆ ನಂದೇನೈತೆ" ಅಂದು ಹೋದರು.

ಕೌದಿ ಅರ್ಧವಾಗಿದೆ. ನಡುವಿನ ಬಿಲ್ಲೆಗಳ ಕಾಗದ ತೆಗೆದಾಯಿತು. ಅಂಚಿನವು ಇನ್ನೂ ಒಳಗಿವೆ. ಎತ್ತಿದರೆ ಸರಪರ ಅನ್ನುತ್ತದೆ. ಕ್ಯಾತಮ್ಮ ಅದನ್ನು ಹೊಟ್ಟೆಯ ಮೇಲೆ ಹಾಸಿಕೊಂಡು, "ಒಳಗಿರೋದು ಕೇಳ್ತೈತೆ, ಒದೀತೈತೆ" ಅಂದಳು. ನನ್ನ ಕೈ ಹಿಡಿದು ಇಟ್ಟುಕೊಂಡಳು. ಹೌದು, ಒದೆಯಿತು.

12 ನವೆಂಬರ್, ಗುರುವಾರ

ಇವತ್ತೇ ಬರೆದುಬಿಡಬೇಕು.

ಸೋಮವಾರದಿಂದ ಒಂದೇ ಸಮ ಮಳೆ. ಹಳ್ಳ ಬಂದು ಬಸ್ಸು ನಿಂತಿದೆ. ನಿನ್ನೆ ಮಧ್ಯಾಹ್ನ ಹಟ್ಟಿಯ ಕಡೆಯಿಂದ ಬಂದ ಹೆಂಗಸೊಬ್ಬಳು ಹೇಳಿದಳು — ಕ್ಯಾತಿಗೆ ಬೆಳಗಿನಿಂದ ನೋವು, ಗುಡ್ಲಿಗೆ ಹೋದಳು. ಓಡಿದೆ. ಗೌರಕ್ಕ ಹಳ್ಳದ ಆಚೆ ದಡದ ಊರಿನಲ್ಲಿ ಸಿಕ್ಕಿಕೊಂಡಿದ್ದರು.

ಗುಡ್ಲಿನೊಳಗೆ ಕೆಸರು. ಅವಳು ಒಂದು ಗೋಣಿಯ ಮೇಲೆ ಬಿದ್ದಿದ್ದಳು. ಕೌದಿಯನ್ನು ಮಾತ್ರ ಸೂರಿನ ಗಳಕ್ಕೆ ಕಟ್ಟಿ ಎತ್ತರದಲ್ಲಿಟ್ಟಿದ್ದಳು. ನನ್ನನ್ನು ನೋಡಿ, "ಬಂದ್ಯಾ" ಅಂದಳು. ಮೊದಲ ಸಲ ಏಕವಚನ.

ನಾನು ಹೆರಿಗೆ ಮಾಡಿಸಿದವಳಲ್ಲ. ನೋಡಿದವಳೂ ಅಲ್ಲ. ಹೊನ್ನಕ್ಕ ಊಟದ ಕಲ್ಲಿನ ಹತ್ತಿರ ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲೇ ಕೂತಿದ್ದಳು. ಅಲ್ಲಿಂದಲೇ ಕೂಗಿ ಹೇಳಿಕೊಡುತ್ತಿದ್ದಳು.

"ಸೊಂಟ ನೀವು! ಕೆಳಗಡಿಂದ ನೀವು!"

ನೀವಿದೆ.

"ತಲೆ ಕಾಣ್ತದಾ?"

ತಲೆಯಲ್ಲ. ಕಾಲು. "ಕಾಲು ಬಂದಿದೆ ಹೊನ್ನಕ್ಕ!" ಅಂದೆ. ಆ ಕಡೆಯಿಂದ ಸದ್ದೇ ಇಲ್ಲ. ಕ್ಯಾತಮ್ಮನ ಕೂಗು ಸಣ್ಣದಾಗುತ್ತ ಬಂತು. ನಾನು ಏನು ಹಿಡಿಯಬೇಕು, ಏನು ಬಿಡಬೇಕು... ಯಾ ಅಲ್ಲಾ ಅನ್ನುವುದು ಬಿಟ್ಟರೆ ಬಾಯಿಗೆ ಏನೂ ಬರುತ್ತಿರಲಿಲ್ಲ.

ಬಾಗಿಲಲ್ಲಿ ಕತ್ತಲಾಯಿತು. ಹೊನ್ನಕ್ಕ ಬಗ್ಗಿ ಒಳಗೆ ಬಂದಿದ್ದಳು. ಕಂಬಳಿಯಿಂದ ನೀರು ಸುರಿಯುತ್ತಿತ್ತು.

"ಸರ್ಕಂತ್ಯಾ, ಇಲ್ವಾ? ನಂದೇ ಮೂರು ಕೂಸು ಹೋಗವೆ ಈ ಗುಡ್ಲಲ್ಲಿ."

ಸರಿದೆ. ಅವಳ ಕೈ ಕುರಿ ಈಯಿಸಿದ ಕೈ. ಅವಸರವೇ ಇಲ್ಲ. ಮಗು ನೀಲಿಯಾಗಿ ಬಂತು. ಕಾಲು ಹಿಡಿದು ತಟ್ಟಿ, ಬಾಯಿಗೆ ಬಾಯಿಟ್ಟು ಹೀರಿ ಉಗಿದಳು. ಅತ್ತಿತು. ಹೆಣ್ಣು.

ಗಳದ ಮೇಲಿನ ಕೌದಿ ಬಿಚ್ಚಿ ಸುತ್ತಿದೆವು. ಹೊನ್ನಕ್ಕ ಆಗ ಬೇಲಿಯ ಕಡೆ ನೋಡಿದಳು. ಅಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು. ಹೊನ್ನಕ್ಕ ಇನ್ನು ಹಟ್ಟಿಯೊಳಗೆ ಹೋಗುವ ಹಾಗಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

13 ನವೆಂಬರ್, ಶುಕ್ರವಾರ

ಮಳೆ ನಿಂತಿಲ್ಲ. ಸೂರು ಸೋರಿ ಕೌದಿಯ ಅಂಚು ನೆನೆದಿದೆ. ಒಳಗೆ ಉಳಿದಿದ್ದ ಕಾಗದವೆಲ್ಲ ಮುದ್ದೆ. ತಾರೀಖಿನ ಬಣ್ಣ ಬಿಟ್ಟು ಮಗುವಿನ ಬೆನ್ನ ಮೇಲೆ ಕೆಂಪು ಅಂಟಿದೆ. ನೋಡಿ ರಕ್ತವೆಂದುಕೊಂಡೆ. ಒರೆಸಿದರೆ ಬಣ್ಣ.

ಕೂತು ಕಾಗದದ ಮುದ್ದೆಯನ್ನು ಬೆರಳಿನಿಂದ ಕೆದಕಿ ಕೆದಕಿ ತೆಗೆದೆ. ಕ್ಯಾತಮ್ಮ ಮಲಗಿದಲ್ಲಿಂದಲೇ ನೋಡುತ್ತಿದ್ದಳು. "ಮೂಲೆ ಸರಿಯಾಗವಾ?" "ಆಗಿವೆ." "ಸುಳ್ಳೇಳ್ಬ್ಯಾಡಿ." ಮತ್ತೆ ಬಹುವಚನ. ನಕ್ಕಳು, ಸ್ವಲ್ಪ.

ನಾನು ಬಾಡಿಗೆಗಿರುವ ಮನೆಯ ಯಜಮಾನರು ದೊಡ್ಡರಂಗಪ್ಪ. ಬಾವಿಯ ಹತ್ತಿರ ಮಿಂದು ಬಂದರಷ್ಟೇ ಒಳಗೆ ಅಂದರು. ಮಿಂದೆ.

17 ನವೆಂಬರ್, ಮಂಗಳವಾರ

ಜ್ವರ. ಮುಟ್ಟಿದರೆ ಸುಡುತ್ತದೆ. ಗೌರಕ್ಕ ಹಳ್ಳ ಇಳಿದ ಕೂಡಲೇ ಬಂದು ಇಂಜೆಕ್ಷನ್ ಕೊಟ್ಟರು. ನನ್ನನ್ನು ಹೊರಗೆ ಕರೆದು, "ಒಳಗೆ ನಂಜಾಗಿದೆ. ನನ್ನ ಕೈಲಿಲ್ಲ ಇದು. ಸಿರಾಕ್ಕೆ ಒಯ್ಯಿರಿ, ಇವತ್ತೇ" ಅಂದರು.

ಬಸ್ಸಿಲ್ಲ. ರಸ್ತೆ ಕಿತ್ತುಹೋಗಿದೆ. ಊರಿನಲ್ಲಿ ಗಾಡಿಯಿರುವ ಮನೆಗಳಿಗೆಲ್ಲ ಹೋದೆ. ಒಬ್ಬರಿಗೆ ಎತ್ತು ಕುಂಟು, ಒಬ್ಬರಿಗೆ ಯಜಮಾನರು ಇಲ್ಲ. ದೊಡ್ಡರಂಗಪ್ಪ ನೇರವಾಗಿ ಹೇಳಿದರು: "ಹಸೀ ಬಾಣಂತಿ. ನಮ್ಮ ಗಾಡೀಲಿ ದೇವರ ಪಲ್ಲಕ್ಕಿ ಇಟ್ಕಂಡು ಹೋಗ್ತೀವಿ. ಹೆಂಗಮ್ಮ ಆಯ್ತದೆ?"

ಅವರ ಜಗುಲಿಯ ಮೇಲೆ ಕೂತುಬಿಟ್ಟೆ. ಏಳು ಅಂದರೂ ಏಳಲಿಲ್ಲ. ಊಟ ಮಾಡಿ ಬಂದರು, ನಾನು ಅಲ್ಲೇ. ಎಲೆಅಡಿಕೆ ಹಾಕಿಕೊಂಡರು. ಕೊನೆಗೆ ನನ್ನ ಮುಖ ನೋಡದೆ ಎದ್ದು, ತಾವೇ ಎತ್ತು ಬಿಚ್ಚಿ ತಂದು ನೊಗಕ್ಕೆ ಕಟ್ಟಿದರು. "ಗಾಡಿ ತಗಂಡೋಗಿ. ನಾನು ಬರಲ್ಲ."

19 ನವೆಂಬರ್

ಕ್ಯಾತಮ್ಮ ಇಲ್ಲ.

22 ನವೆಂಬರ್, ಭಾನುವಾರ

ಗಾಡಿ ಹೊಡೆದವಳು ಹೊನ್ನಕ್ಕ. ಹಗ್ಗ ಹಿಡಿದು ನಿಂತೇ ಹೊಡೆದಳು, ಗಂಡಸಿನ ಹಾಗೆ. ಹಿಂದೆ ನಾನು, ತೊಡೆಯ ಮೇಲೆ ಕ್ಯಾತಮ್ಮನ ತಲೆ, ಮಗ್ಗುಲಲ್ಲಿ ಮಗು. ದಾರಿಯೆಲ್ಲ ಗುಂಡಿ. ಗಾಡಿ ಎತ್ತಿ ಹಾಕಿದಾಗೆಲ್ಲ ಅವಳು ಹಲ್ಲು ಕಚ್ಚುತ್ತಿದ್ದಳು.

ದಾರಿಯಲ್ಲಿ ಮಗುವಿಗೆ ಮೊಲೆ ಕೊಡುತ್ತೇನೆ ಅಂದಳು. ಹಿಡಿದುಕೊಟ್ಟೆ. ಕುಡಿಯಿತು. ಅವಳ ಮೈಯ ಬಿಸಿಗೆ ಮಗುವಿನ ಕೆನ್ನೆ ಕೆಂಪಾಯಿತು. "ಮಾರ ಬಂದ್ರೆ..." ಅಂದಳು. ಮುಂದೆ ಏನೋ ಹೇಳಿದಳು. ಗಾಡಿಯ ಸದ್ದಿನಲ್ಲಿ ಕೇಳಿಸಲಿಲ್ಲ. ಏನೆಂದು ಬಗ್ಗಿ ಕೇಳಿದೆ. ಮತ್ತೆ ಹೇಳಲಿಲ್ಲ.

ಸಿರಾ ಕೆರೆ ದೂರದಲ್ಲಿ ಬೆಳ್ಳಗೆ ಕಾಣಲು ಶುರುವಾಗಿತ್ತು. ತೊಡೆಯ ಮೇಲಿನ ತಲೆ ಭಾರವಾಯಿತು. ನಾನು ಹೇಳಲಿಲ್ಲ. ಹೊನ್ನಕ್ಕ ತಿರುಗಿ ನೋಡದೆಯೇ ಗಾಡಿ ನಿಲ್ಲಿಸಿದಳು. ಇಳಿದು ಬಂದು ಸೊಸೆಯ ಕಣ್ಣು ಮುಚ್ಚಿದಳು. ಆಮೇಲೆ ರಸ್ತೆಯ ಮೇಲೇ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಬಾಯಿ ಬಡಿದುಕೊಂಡಳು. ಸದ್ದು ಮಾತ್ರ ಇಲ್ಲ. ಎತ್ತುಗಳು ಬದುವಿನ ಹುಲ್ಲು ಮೇಯುತ್ತಿದ್ದವು.

ಹಿಂದಕ್ಕೆ ತಿರುಗಿಸಿದೆವು. ಹಟ್ಟಿಯವರು ಗುಡ್ಲಿನ ಆಚೆ ಮಣ್ಣು ಮಾಡಿದರು. ಕದಿರಯ್ಯ ಹೊನ್ನಕ್ಕನಿಗೆ, "ಮಿಂದು ಒಳಕ್ಕೆ ಬಾ, ಸೂತಕ ಕಳೀತೀವಿ, ನೀನು ದೊಡ್ಡೋಳು" ಅಂದರು. ಮಗು? "ಅದು ದಿನ ತುಂಬಗಂಟ ಹೊರಗೇ. ಯಾರಾದ್ರೂ ಹಾಲು ಇಟ್ಟು ಬತ್ತಾರೆ."

"ಹಾಲು ಕಲ್ಲಿನ ಮ್ಯಾಗಿಟ್ರೆ ಹಸುಗೂಸು ಎದ್ದು ಬಂದು ಕುಡೀತದೇನ್ಲಾ ಕದಿರಾ?"

ಅವಳು ಒಳಗೆ ಹೋಗಲಿಲ್ಲ.

2 ಡಿಸೆಂಬರ್, ಬುಧವಾರ

ಮಗುವನ್ನು ಸಿರಾಕ್ಕೆ ಒಯ್ಯುತ್ತೇನೆ ಅಂದೆ. ಭಾಭಿ ಸಾಕುತ್ತಾರೆ. ಹೊನ್ನಕ್ಕ ಕೇಳಲಿಲ್ಲ. "ಅದ್ರಪ್ಪ ಬರ್ಲಿ. ಅವ್ನಿಗೆ ತೋರ್ಸಾಕೆ ಇದೊಂದಾದ್ರೂ ಇರ್ಲಿ."

ಈಗ ದಿನಚರಿ ಹೀಗೆ — ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಗುಡ್ಲು. ಮೇಕೆಹಾಲಿಗೆ ನೀರು ಬೆರೆಸಿ ಬತ್ತಿಯಿಂದ ಕುಡಿಸುತ್ತೇವೆ. ಗೌರಕ್ಕ ವಾರಕ್ಕೊಮ್ಮೆ ಬಂದು ನೋಡುತ್ತಾರೆ. ಮೈ ಹಿಡಿದಿಲ್ಲ. ಆದರೆ ಉಸಿರಿದೆ.

ಕ್ಲಾಸಿನಲ್ಲಿ ಯಾರೂ ನಗುವುದಿಲ್ಲ. ಮೊನ್ನೆ ಹೋಗುವಾಗ ಊಟದ ಕಲ್ಲಿನ ಮೇಲೆ ಏನೋ ಬಣ್ಣ ಕಂಡಿತು. ಹೊಲಿದ ಬಿಲ್ಲೆಗಳು. ಗಾಳಿಗೆ ಹಾರದಂತೆ ಮೇಲೊಂದು ಕಲ್ಲು. ನಿನ್ನೆ ಮತ್ತಷ್ಟು. ಯಾರ ಹೊಲಿಗೆ ಯಾವುದು ಎಂದು ನನಗೆ ಗೊತ್ತು. ನಾನೇ ಕಲಿಸಿದ ಕೈಗಳು. ಹತ್ತಿರ ಬರಲಾರರು. ಇಟ್ಟು ಹೋಗುತ್ತಾರೆ.

ಹೊನ್ನಕ್ಕ ಒಂದನ್ನು ತಿರುಗಿಸಿ ನೋಡಿದಳು. "ಇದ್ರೊಳಗಿನ ಕಾಗ್ದ ಯಾವಾಗ ತೆಗ್ಯಾದು?"

"ಸುತ್ತ ಆರೂ ಕಡೆ ಜೋಡಿಸಿದ ಮೇಲೆ."

"ಕೊಡು ಸೂಜಿ."

ಕಣ್ಣು ಸಾಲದು ಅವಳಿಗೆ. ದಾರ ನಾನು ಪೋಣಿಸಿಕೊಟ್ಟೆ. ಬಟ್ಟೆ, ಕಾಗದ, ಬೆರಳು ಮೂರನ್ನೂ ಚುಚ್ಚಿಕೊಂಡಳು. ಕ್ಯಾತಮ್ಮ ಹೊಲಿದಿದ್ದ ಭಾಗದ ಮೇಲೆ ಕೈಯಾಡಿಸಿ, "ಇವ್ಳಿಗೆ ಒಂದು ಕೆಲ್ಸಾನೂ ನೆಟ್ಟಗೆ ಬರ್ನಿಲ್ಲ" ಅಂದಳು. ಆಮೇಲೆ ತಿರುಗಿ ಕೂತಳು. ಬೆನ್ನು ಅಲುಗುತ್ತಿತ್ತು.

11 ಡಿಸೆಂಬರ್, ಶುಕ್ರವಾರ

ಮಾರಣ್ಣ ಬಂದ.

ಮಧ್ಯಾಹ್ನ. ಕುರಿಗಳ ಸದ್ದು ಮೊದಲು ಬಂತು, ಆಮೇಲೆ ದೂಳು. ಹೊನ್ನಕ್ಕ ಸೂಜಿ ಕೆಳಗಿಟ್ಟಳು. ಅವನಿಗೆ ಯಾರೂ ಹೇಳಿರಲಿಲ್ಲ. ಎಲ್ಲಿದ್ದಾನೆಂದು ಗೊತ್ತಿದ್ದರೆ ತಾನೆ ಹೇಳಿಕಳಿಸುವುದು? ಗುಡ್ಲಿನಲ್ಲಿ ಹೊಗೆಯಾಡುವುದು ನೋಡಿ ಅವನ ಮುಖ ಅರಳಿದ್ದು ಇಲ್ಲಿಂದಲೇ ಕಂಡಿತು. ಊಟದ ಕಲ್ಲಿನ ಹತ್ತಿರ ನಿಂತ. ಅಲ್ಲಿಂದ ಮುಂದೆ ಬರುವ ಹಾಗಿಲ್ಲ.

"ಏನವ್ವಾ? ಗಂಡಾ, ಹೆಣ್ಣಾ?"

"ಹೆಣ್ಣು ಕಣ್ಲಾ!"

"ನೀನ್ಯಾಕೆ ಅಲ್ಲಿದ್ದೀಯಾ?"

ಅವನ ಕಣ್ಣು ಗುಡ್ಲಿನ ಬಾಗಿಲಿಗೆ ಹೋಯಿತು.

"ಅವ್ಳೆಲ್ಲಿ? ಲೇ ಕ್ಯಾತೀ! ಸಿರಾಕ್ಕೆ ಹೋಗ್ನಿಲ್ವೇನ್ಲೇ?"

ಹೊನ್ನಕ್ಕ ತಿರುಗಿದಳು. ನನ್ನ ಕಡೆ ನೋಡಿದಳು. ನಾನು ಹೊರಗೆ ಬಂದೆ. ಹತ್ತಿರ ಹೋಗಿ ಹೇಳಬೇಕೆಂದು ಹೆಜ್ಜೆ ಇಟ್ಟೆ. ನಾನೂ ಗುಡ್ಲು ಮುಟ್ಟಿದವಳು, ಅವನನ್ನು ಮುಟ್ಟಬಾರದು. ನಿಂತಲ್ಲಿಂದಲೇ, ಅಷ್ಟು ದೂರದಿಂದ, ಕೂಗಿ ಹೇಳಬೇಕಾಯಿತು. ಅಂಥ ಮಾತನ್ನು ಕೂಗಿ ಹೇಳುವುದು ಹೇಗೆ... ಹೇಳಿದೆ. ಮೊದಲ ಸಲ ಕೇಳಿಸಲಿಲ್ಲ ಅವನಿಗೆ. ಎರಡನೇ ಸಲ ಹೇಳಿದೆ.

ಅವನು ಕೂತುಬಿಟ್ಟ. ಕೋಲು ಬಿತ್ತು. ಕುರಿಗಳು ಚದುರಿ ದೊಡ್ಡರಂಗಪ್ಪನ ಹುರುಳಿ ಹೊಲಕ್ಕೆ ನುಗ್ಗಿದವು. ಯಾರೂ ಅಟ್ಟಲಿಲ್ಲ. ದೊಡ್ಡರಂಗಪ್ಪ ಬೈಯುತ್ತ ಓಡಿ ಬಂದರು. "ಯಾವನ್ಲಾ ಅವ್ನು, ಕಣ್ಣು ಕಾಣಲ್ವಾ..." ಮಾರಣ್ಣನನ್ನು ಕಂಡರು. ನಿಂತರು. ಆಮೇಲೆ ಬಿದ್ದಿದ್ದ ಕೋಲು ಎತ್ತಿಕೊಂಡು, ತಾವೇ ಹೊಲಕ್ಕಿಳಿದು, ಒಂದೊಂದಾಗಿ ಕುರಿ ತಿರುಗಿಸಿ ಹಟ್ಟಿಯ ಕಡೆಗೆ ಹೊಡೆದುಕೊಂಡು ಹೋದರು.

ನಾನು ಹೊರಡುವಾಗಲೂ ಅವನು ಅಲ್ಲೇ.

12 ಡಿಸೆಂಬರ್, ಶನಿವಾರ. ಗುಡ್ಲಿನಲ್ಲಿ

ಇವತ್ತು ಕ್ಲಾಸಿಗೆ ರಜೆ ಹೇಳಿ ಬಂದೆ. ಮಾರಣ್ಣ ಕಲ್ಲಿನ ಹತ್ತಿರವೇ ಇದ್ದಾನೆ. ಕಂಬಳಿ ಹೊದ್ದು ಅಲ್ಲೇ ಮಲಗಿದ್ದನಂತೆ. ಬೆಳಿಗ್ಗೆ ಹಟ್ಟಿಯಿಂದ ತಂದಿಟ್ಟ ಮುದ್ದೆ ಮುಟ್ಟಿಲ್ಲ, ನೊಣ ಮುತ್ತಿದೆ. ಕದಿರಯ್ಯ ಎರಡು ಸಲ ಬಂದು ಕರೆದರು. "ಒಳಕ್ಕೆ ಬಾಪ್ಪ, ನಿನ್ ಕುರಿ ನೋಡೋರಿಲ್ಲ." ಏಳಲಿಲ್ಲ. ಈ ಕಡೆಗೂ ಬರಲಿಲ್ಲ. ಮಗು ಅತ್ತಾಗ ಮಾತ್ರ ತಲೆ ಎತ್ತುತ್ತಾನೆ.

ಹೊನ್ನಕ್ಕ ಮಗುವಿಗೆ ಹಾಲು ಕುಡಿಸಿ, ಮೈ ಒರೆಸಿ, ಹಣೆಗೆ ಬೂದಿಯಿಟ್ಟಳು. ಕೌದಿಯಲ್ಲಿ ಬಿಗಿಯಾಗಿ ಸುತ್ತಿದಳು. ಎತ್ತಿಕೊಂಡು ಎದ್ದಳು. ಎಲ್ಲಿಗೆ ಅಂದೆ. ಬಗ್ಗಿ ಹೊರಗೆ ಹೋದಳು.

ನೇರ ಅವನ ಕಡೆಗೇ ಹೋಗುತ್ತಿದ್ದಾಳೆ.

ಬೇಲಿಯ ಹತ್ತಿರ ಹಟ್ಟಿಯವರೆಲ್ಲ ಸೇರಿದ್ದಾರೆ. ಕದಿರಯ್ಯ ಕೈಯೆತ್ತಿ "ಹೊನ್ನೀ, ನಿಂತ್ಕೋ" ಎಂದು ಕೂಗಿದರು. ನಿಲ್ಲಲಿಲ್ಲ. ಮತ್ತೆ ಕೂಗಿದರು. ಮಾರಣ್ಣ ಎದ್ದು ನಿಂತ. ಹಿಂದಕ್ಕೆ ಹೋಗುತ್ತಾನೋ, ಮುಂದಕ್ಕೆ ಬರುತ್ತಾನೋ... ಕೈ ಎರಡೂ ಹಾಗೇ ಇಳಿಬಿದ್ದಿವೆ. ಹೊನ್ನಕ್ಕ ಕಲ್ಲು ದಾಟಿದಳು. ಬೇಲಿಯ ಒಳಗಿಂದ ಯಾರೋ ಒಬ್ಬಳು ಹೆಂಗಸು ಹೊರಗೆ ಬಂದಳು, ಅವಳ ಹಿಂದೆ ಇನ್ನೊಬ್ಬಳು. ಬರೆಯುವುದು ಸಾಕು, ನಾನೂ ಹೋಗುತ್ತೇನೆ.